ಹ್ಯಾಂಡ್‌ಬ್ರೇಕಿನ ವೈರು

ಇದನ್ನು ಹೇಳಿಬಿಡಬೇಕು ಎಂದುಕೊಂಡು ಐದಾರು ವರ್ಷ ಮುಂದೂಡಿದ್ದೇನೆ. ಆಗ ನಾನು ಶಿವಾಜಿನಗರದ ಅಂಗಡಿಯೊಂದರಲ್ಲಿ ಕಾರುಗಳಿಗೆ ಮ್ಯಾಪು, ಹಾಡು, ವಿಡಿಯೋ ಬರುವ ಸ್ಕ್ರೀನ್ ಕೂರಿಸುತ್ತಿದ್ದೆ. ಹ್ಯಾಂಡ್‌ಬ್ರೇಕ್ ಎಳೆದು ನಿಂತಾಗ ಮಾತ್ರ ವಿಡಿಯೋ ಬರಲೆಂದು ಅದರಲ್ಲಿ ಒಂದು ವೈರು ಇರುತ್ತದೆ. ಅದನ್ನು ಬ್ರೇಕಿಗೆ ಕೊಡದೆ ಕಾರಿನ ತಗಡಿಗೆ ಸೇರಿಸಿಬಿಟ್ಟರೆ ಗಾಡಿ ಓಡುವಾಗಲೂ ವಿಡಿಯೋ ಬರುತ್ತದೆ. ಎಲ್ಲರಿಗೂ ಹಾಗೇ ಮಾಡಿಕೊಡುತ್ತಿದ್ದೆವು.

ಹೊಸ ತಿಪ್ಪಸಂದ್ರದಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸು ಗಂಡನ ಜೊತೆ ಬಂದರು.

“ಅಣ್ಣಾ, ಓಡೋವಾಗ ವಿಡಿಯೋ ಬರಬಾರ್ದು. ಮ್ಯಾಚ್ ಇದ್ರೆ ಇವರಿಗೆ ರೋಡೇ ಕಾಣಲ್ಲ.”

“ಬರಲ್ಲಮ್ಮ,” ಎಂದೆ.

ಆಕೆ ಫೋನ್ ಬಂತೆಂದು ಹೊರಗೆ ಹೋದಾಗ ಗಂಡ ನಕ್ಕ. “ಯಜಮಾನ್ರೇ, ಗಾಡಿ ಓಡ್ಸೋನು ನಾನಾ, ಅವಳಾ?”

ನಾನೂ ನಕ್ಕು ವೈರನ್ನು ತಗಡಿಗೇ ಸೇರಿಸಿದೆ.

ತಿಂಗಳೊಳಗೆ ಇಬ್ಬರೂ ಮತ್ತೆ ಬಂದರು. ಗಂಡ ಮ್ಯಾಚ್ ನೋಡುತ್ತಾ ಹಲಸೂರಿನ ಹತ್ತಿರ ಡಿವೈಡರಿಗೆ ಗುದ್ದಿದ್ದ. ಆಕೆಯ ಬಲಗೈ ಪ್ಲಾಸ್ಟರಿನಲ್ಲಿತ್ತು.

“ಬರಲ್ಲ ಅಂದಿದ್ರಲ್ಲ ಅಣ್ಣಾ?”

“ನಾನು ಸರಿಯಾಗೇ ಹಾಕಿದ್ದೆ. ನೀವೇ ಏನೋ ಒತ್ತಿರ್ಬೇಕಮ್ಮ,” ಎಂದೆ.

ಆಕೆ ಸ್ವಲ್ಪ ಯೋಚಿಸಿದರು. “ಹೌದು, ಒಂದಿನ ಹಾಡು ಹಾಕೋಕೆ ಏನೇನೋ ಒತ್ತಿದ್ದೆ,” ಎಂದು ಗಂಡನ ಕಡೆ ತಿರುಗಿ, “ಸಾರಿ ರೀ, ನಿಮ್ಮನ್ನ ಸುಮ್ನೆ ಬೈದೆ,” ಎಂದರು.

ಗಂಡ ನನ್ನ ಮುಖ ನೋಡಿದ. ನಾನು ಡ್ಯಾಶ್‌ಬೋರ್ಡ್ ಬಿಚ್ಚಿ, ವೈರನ್ನು ಬ್ರೇಕಿಗೆ ಸೇರಿಸಿ ಕಳಿಸಿಕೊಟ್ಟೆ. ಆ ಟೈಲರಮ್ಮನ ಕ್ಷಮೆಯನ್ನು ನಾನು ಇವತ್ತಿಗೂ ಕೇಳಿಲ್ಲ.