ಓರೆ ಎಂಬ ಊರಿನಲ್ಲಿ ಗಿರಿಜಕ್ಕ

ಗಿರಿಜಕ್ಕ ಬೀಳುವುದಕ್ಕೆ ಮೊದಲೇ ನಗಲು ಶುರು ಮಾಡುತ್ತಿದ್ದರು. ಅವರ ಕಾಲು ಜಾರುತ್ತಿದೆ ಎಂದು ನಮಗೆ ಗೊತ್ತಾಗುವ ಹೊತ್ತಿಗೆ ಆ ನಗು ಅರ್ಧ ಇಳಿಜಾರಿಗೆ ಕೇಳಿಸಿರುತ್ತಿತ್ತು. ಆಮೇಲೆ ಸ್ಕೀ ಒಂದು ಕಡೆ, ಕೋಲು ಇನ್ನೊಂದು ಕಡೆ, ನಡುವೆ ಕಡುಗೆಂಪು ಜಾಕೆಟ್ಟಿನ ಗಿರಿಜಕ್ಕ ಅಂಗಾತ ಮಲಗಿ, ಆಕಾಶ ನೋಡುತ್ತ, ಹೊಟ್ಟೆ ಕುಲುಕಿಸುತ್ತಿರುತ್ತಿದ್ದರು. ಬಸ್ಸಿನಲ್ಲಿ ಪಕ್ಕದ ಸೀಟಿನವರ ಮುಖ ಕೂಡ ನೋಡದ ಸ್ವೀಡಿಷ್ ಜನ ಅವರ ಹತ್ತಿರ ಬಂದು ನಿಂತು ತಾವೂ ನಗುತ್ತಿದ್ದರು.

ಊರು ಗದಗ. ವೆಸ್ಟೆರಾಸ್ ನಗರದಲ್ಲಿ ವಿದ್ಯುತ್ ಯಂತ್ರಗಳನ್ನು ಮಾಡುವ ಕಂಪನಿಯೊಂದರಲ್ಲಿ ಸಂಶೋಧಕಿ. ವಯಸ್ಸು ಐವತ್ತು ದಾಟಿತ್ತು, ಮನೆಯಲ್ಲಿ ಒಬ್ಬರೇ. ನನಗೆ ಪರಿಚಯವಾದದ್ದು ಸ್ಟಾಕ್‌ಹೋಮಿನ ಕನ್ನಡಿಗರ ಸಂಕ್ರಾಂತಿ ಊಟದಲ್ಲಿ. ಅಲ್ಲಿ ಅವರು ನಮ್ಮ ಹಾಗೇ ಅಚ್ಚ ಬೆಂಗಳೂರು ಕನ್ನಡ ಮಾತಾಡುತ್ತಿದ್ದರು.

“ಸ್ಪೋರ್ಟ್‌ಲೋವ್‌ಗೆ ಏನು ಪ್ಲಾನು?” ಎಂದು ಕೇಳಿದರು. ಫೆಬ್ರವರಿಯಲ್ಲಿ ಶಾಲೆಗಳಿಗೆ ಕೊಡುವ ಚಳಿಗಾಲದ ರಜೆ ಅದು.

“ಏನಿಲ್ಲ, ಮನೇಲೇ ಇರ್ತೀವಿ. ಚಳಿ ಅಲ್ವಾ?”

“ಚಳಿ ಅಂತಾನೇ ರಜ ಕೊಟ್ಟಿರೋದು” ಎಂದರು ಗಿರಿಜಕ್ಕ. ಊಟ ಮುಗಿಯುವಷ್ಟರಲ್ಲಿ ನನಗೂ ನನ್ನ ಏಳು ವರ್ಷದ ಮಗಳು ಇಂಚರಾಗೂ ಅವರ ಫೋನಿನಲ್ಲಿ ರೈಲು ಟಿಕೆಟ್ ಬುಕ್ ಆಗಿತ್ತು. ನನ್ನ ಗಂಡನಿಗೆ ಆ ವಾರ ಮಾಲ್ಮೋದಲ್ಲಿ ಕೆಲಸವಿದ್ದದ್ದರಿಂದ ಅವನು ಪಾರಾದ.

ರೈಲು ಉಪ್ಸಾಲಾ ದಾಟಿದ್ದೇ ತಡ, ಅವರ ಬೆಂಗಳೂರು ಕನ್ನಡ ಕಳಚಿಬಿತ್ತು. “ಇನ್ನ ಯಾರೂ ಇಲ್ಲಲ್ಲ, ಆರಾಮ ಮಾತಾಡೂಣು” ಎಂದು ಕಾಲು ಚಾಚಿದರು. ನಾವು ಹೊರಟಿದ್ದ ಬೆಟ್ಟದೂರಿನ ಹೆಸರನ್ನು ಸ್ವೀಡಿಷ್‌ನಲ್ಲಿ ಉಚ್ಚರಿಸುವುದೇ ಓರೆ ಎಂದು. ಅದರಲ್ಲಿ ಅವರಿಗೆ ಬಹಳ ಸಂತೋಷವಿತ್ತು. “ಊರಿನ ಹೆಸರs ಓರೆ. ಅಲ್ಲಿ ಯಾರರೆ ನೆಟ್ಟಗ ನಿಂತಿದ್ದು ಕಂಡರ ಹೇಳು, ಪೊಲೀಸರಿಗೆ ಹಿಡಿದು ಕೊಡೂಣು.”

ಓರೆಯಲ್ಲಿ ಅವರು ಕೈಹಾಕದ ಆಟವೇ ಇರಲಿಲ್ಲ. ಬೆಳಿಗ್ಗೆ ಸ್ಕೀ, ಊಟವಾದ ಮೇಲೆ ನಾಯಿಬಂಡಿ, ಸಂಜೆ ಮಕ್ಕಳ ಜೊತೆ ಪ್ಲಾಸ್ಟಿಕ್ ಜಾರುಬಂಡಿಯ ಪಂದ್ಯ. ಪಂದ್ಯದಲ್ಲಿ ಮೋಸ ಮಾಡುತ್ತಿದ್ದರು. ಸಿಕ್ಕಿಬಿದ್ದರೆ ಸ್ವೀಡಿಷ್ ಬರುವುದಿಲ್ಲ ಎನ್ನುತ್ತಿದ್ದರು. ಬೆನ್ನಿನ ಚೀಲದಲ್ಲಿ ಬಟ್ಟೆ ಸುತ್ತಿದ ಖಡಕ್ ರೊಟ್ಟಿ ಸದಾ ಇರುತ್ತಿತ್ತು. ಮಧ್ಯಾಹ್ನ, ಮೈ ಕಾಯಿಸಿಕೊಳ್ಳಲೆಂದು ಇಳಿಜಾರಿನ ಬದಿಯಲ್ಲಿ ಕಟ್ಟಿದ ಗುಡಿಸಿಲಿಗೆ ಹೋಗಿ ಗಂಟು ಬಿಚ್ಚಿದರೆ ರೊಟ್ಟಿ ನುಚ್ಚಾಗಿರುತ್ತಿತ್ತು. “ಇಡೀ ರೊಟ್ಟಿ ಉಳೀತಂದ್ರ ಇವತ್ತ ಏನೂ ಕಲಿತಿಲ್ಲ ಅಂತ ಅರ್ಥ” ಎಂದು ಅದಕ್ಕೆ ಮೊಸರು, ಶೇಂಗಾ ಚಟ್ನಿ ಕಲಸಿ ಎಲ್ಲರಿಗೂ ಹಂಚುತ್ತಿದ್ದರು. ಎದುರು ಕೂತಿದ್ದ ಅಜ್ಜನೊಬ್ಬ ಒಂದು ತುತ್ತು ತಿಂದು, ಮೂಗು ಒರೆಸಿಕೊಂಡು, ಮತ್ತೆ ಕೈ ಚಾಚಿದ.

ಆ ಗುಡಿಸಿಲಿನಲ್ಲೇ ಒಮ್ಮೆ ಕೇಳಿದೆ, ಈ ವಯಸ್ಸಿನಲ್ಲಿ ಇದನ್ನೆಲ್ಲ ಯಾಕೆ ಹಚ್ಚಿಕೊಂಡಿರಿ ಎಂದು. ಗಿರಿಜಕ್ಕ ಚಮಚ ನೆಕ್ಕಿ ಕೆಳಗಿಟ್ಟರು.

“ಬಂದ ಹೊಸದಾಗ ಲ್ಯಾಬು, ಮನಿ, ಲ್ಯಾಬು, ಮನಿ. ಮಧ್ಯಾಹ್ನ ಮೂರಕ್ಕ ಕತ್ತಲಿ. ಈ ಚಳಿಗಾಲ ಮುಗಿದರ ಸಾಕಪ್ಪಾ ಅಂತ ಕಿಡಕಿ ಮುಂದ ಕುಂದರತಿದ್ದೆ. ಒಂದಿನ ತಲ್ಯಾಗ ಬಂತು. ಮುಗೀಲಿ ಮುಗೀಲಿ ಅಂತ ನಾ ದೂಡಾಕ ಹತ್ತಿದ್ದು ಚಳಿಗಾಲ ಅಲ್ಲ, ನನ್ನ ಆಯುಷ್ಯ.” ರೊಟ್ಟಿಯ ಬಟ್ಟೆ ಮಡಚಿ ಚೀಲಕ್ಕೆ ತುರುಕಿ, “ಏಳು, ಮೈ ತಣ್ಣಗಾದರ ಬಿದ್ದಾಗ ನೋಯ್ತೈತಿ” ಎಂದರು.

ಮರುದಿನ ನಾವಿಬ್ಬರೂ ತಪ್ಪು ಲಿಫ್ಟ್ ಹತ್ತಿದೆವು. ಸರತಿ ಸಾಲು ಚಿಕ್ಕದಿದೆ ಎಂದು ಗಿರಿಜಕ್ಕ ಎಳೆದುಕೊಂಡು ಹೋದರು. ತೂಗುಕುರ್ಚಿ ನಮ್ಮ ಪರಿಚಯದ ಇಳಿಜಾರನ್ನು ದಾಟಿತು, ಮರಗಳನ್ನು ದಾಟಿತು, ಮರಗಳೇ ಇಲ್ಲದ ಬೋಳು ಬೆಟ್ಟದ ಮೇಲೆ ನಮ್ಮನ್ನು ಇಳಿಸಿ ಖಾಲಿಯಾಗಿ ವಾಪಸು ಹೋಯಿತು. ಮುಂದಿದ್ದದ್ದು ಕೆಂಪು ಫಲಕ, ಅಂದರೆ ನಮ್ಮಂಥವರು ಹೋಗಬಾರದ ದಾರಿ. ಕೆಳಗೆ ಊರು ಅಂಗೈಯಷ್ಟಿತ್ತು. ಆ ಊರಿನಲ್ಲಿ ಇಂಚರಾಳ ಸ್ಕೀ ತರಗತಿ ಬಿಡುವ ಹೊತ್ತಾಗುತ್ತಿತ್ತು. ಅವಳನ್ನು ಕರೆದುಕೊಳ್ಳಲು ನಾನಲ್ಲದೆ ಇನ್ನಾರೂ ಇರಲಿಲ್ಲ.

ಲಿಫ್ಟ್ ನೋಡಿಕೊಳ್ಳುತ್ತಿದ್ದ ಹುಡುಗಿ, ಇದರಲ್ಲಿ ಯಾರನ್ನೂ ಕೆಳಗೆ ಕಳಿಸುವ ಹಾಗಿಲ್ಲ, ಹಿಮದ ಸ್ಕೂಟರ್ ಕರೆಸಬಹುದು, ಆದರೆ ಅದು ಯಾರೋ ಕಾಲು ಮುರಿದುಕೊಂಡವರನ್ನು ಕರೆತರಲು ಹೋಗಿದೆ, ಕಾಯಬೇಕು ಎಂದಳು. ನಾನು ಅಲ್ಲೇ ಕುಸಿದು ಕೂತು ಅಳತೊಡಗಿದೆ. ಗಿರಿಜಕ್ಕ ಪಕ್ಕದಲ್ಲಿ ಕೂತರು.

“ಅಳೂದಿದ್ದರ ಲಗೂನ ಮುಗಿಸು ತಂಗಿ. ಕನ್ನಡಕದಾಗ ನೀರು ಹೆಪ್ಪುಗಟ್ಟಿದರ ದಾರಿ ಕಾಣಂಗಿಲ್ಲ.” ಆಮೇಲೆ ಕೇಳಿದರು, “ನಿನಗ ತಿರುಗಾಕ ಬರತೈತೇನು?”

“ಇಲ್ಲ.”

“ನನಗೂ ಬರಂಗಿಲ್ಲ. ಬೀಳಾಕ?”

“ಅದು ಚೆನ್ನಾಗಿ ಬರುತ್ತೆ.”

“ಹಂಗಾರ ಮುಗೀತು. ಅಡ್ಡಡ್ಡ ಹೋಗೂದು, ಅಂಚಿಗೆ ಬಂದ ಕೂಡಲೆ ಬೀಳೂದು. ಬಿದ್ದಲ್ಲೇ ಕಾಲು ಆ ಕಡೆಯಿಂದ ಈ ಕಡೆ ಹೊರಳಿಸಿ ಏಳೂದು. ಮತ್ತ ಅಡ್ಡ. ತಿರುಗೂ ಕೆಲಸ ಬೀಳೂದರಾಗs ಆಗಿಹೋಗತೈತಿ.”

ಹಾಗೇ ಹೊರಟೆವು. ಮೊದಲು ಗಿರಿಜಕ್ಕ, ಹಿಂದೆ ನಾನು. ಅವರು ಅಂಚಿಗೆ ಹೋಗಿ ಧೊಪ್ಪೆಂದು ಬೀಳುವರು. ನಾನು ನಿಲ್ಲಿಸಲಾರದೆ ಅವರ ಮೇಲೆ ಬೀಳುವೆ. ಇಬ್ಬರೂ ಸೇರಿ ಯಾರ ಕಾಲು ಯಾವುದು ಎಂದು ವಿಂಗಡಿಸಿ ಏಳುವೆವು. “ಅದು ನಂದು, ಅದನ್ನ ಬಿಡು.” ನಾನು ಇನ್ನೂ ಅಳುತ್ತಿದ್ದೆ, ನಡುನಡುವೆ ನಗುತ್ತಲೂ ಇದ್ದೆ, ಕೊನೆಗೆ ಎರಡರ ನಡುವಿನ ಗೆರೆ ಅಳಿಸಿಹೋಯಿತು. ಮೊಣಕಾಲುದ್ದದ ಮಕ್ಕಳ ಸಾಲೊಂದು ನೀರಿನ ಹಾಗೆ ನಮ್ಮ ಪಕ್ಕದಲ್ಲಿ ಹರಿದುಹೋಯಿತು. ಅವರ ಶಿಕ್ಷಕ ನಿಂತು, ಹೇಗಿದ್ದೀರಿ, ಸಹಾಯ ಬೇಕೇ ಎಂದ. ಗಿರಿಜಕ್ಕ ಹಿಮದೊಳಗಿಂದ ತಲೆ ಎತ್ತಿ “ಯೆಟ್ಟೆಬ್ರಾ” ಎಂದರು. ಬಹಳ ಚೆನ್ನಾಗಿದ್ದೇವೆ ಎಂದು. ಅದು ಸುಳ್ಳಲ್ಲ ಎಂದು ಆಗ ನನಗೂ ಅನ್ನಿಸಿತು. ಎದೆ ಡವಗುಟ್ಟುತ್ತಿತ್ತು, ಮುಖ ಉರಿಯುತ್ತಿತ್ತು, ಶಾಲೆ ಬಿಟ್ಟ ಮೇಲೆ ನಾನು ಅಷ್ಟು ಹಗುರಾಗಿ ಇದ್ದದ್ದು ನೆನಪಿಲ್ಲ. ಕೊನೆಯ ಇಳಿಜಾರಿನಲ್ಲಂತೂ ಅಂಚಿನವರೆಗೂ ಕಾಯದೆ ಎಲ್ಲೆಂದರಲ್ಲಿ ಬೀಳುತ್ತಿದ್ದೆವು.

ಹಳದಿ ಅಂಗಿ ತೊಟ್ಟ ಇಂಚರಾ ತನ್ನ ಟೀಚರ್ ಜೊತೆ ಒಬ್ಬಳೇ ನಿಂತಿದ್ದಳು. ಬೈಯಲು ಬಾಯಿ ತೆರೆದವಳು ಹಿಮ ಮೆತ್ತಿದ ನಮ್ಮಿಬ್ಬರನ್ನು ಮೇಲಿಂದ ಕೆಳಗೆ ನೋಡಿ, ಸ್ವೀಡಿಷ್‌ನಲ್ಲಿ ಕೇಳಿದಳು: “ಯಾವ ಲಿಫ್ಟು? ನಾನೂ ಹೋಗ್ಲಾ?”

ಅಲ್ಲಿಂದ ಮುಂದೆ ಪ್ರತಿ ಫೆಬ್ರವರಿ ಗಿರಿಜಕ್ಕನ ಜೊತೆ ಓರೆ. ಅವರು ತಿರುಗುವುದನ್ನು ಕಲಿತರು, ಸ್ವಂತ ಸ್ಕೀ ಕೊಂಡರು. ಕೆಲಸದಿಂದ ನಿವೃತ್ತಿಯಾಗಿ ಹುಬ್ಬಳ್ಳಿಗೆ, ಅಕ್ಕನ ಮನೆಯ ಮಹಡಿಗೆ ಹೋಗಿ ಇರುತ್ತೇನೆಂದು ಹೋದ ವರ್ಷ ತಿಳಿಸಿದರು.

ಬೀಳ್ಕೊಡಲು ವಿಮಾನ ನಿಲ್ದಾಣಕ್ಕೆ ಹೋದೆವು. ಗಿರಿಜಕ್ಕನ ಬಳಿ ಒಂದು ಸೂಟ್‌ಕೇಸ್, ಅವರಿಗಿಂತ ಎತ್ತರದ ಒಂದು ಚೀಲ.

“ಹುಬ್ಬಳ್ಳಿಗೆ ಸ್ಕೀ ತಗೊಂಡು ಹೋಗ್ತಿದ್ದೀರಾ?”

“ಮತ್ತ? ಇಷ್ಟು ವರ್ಷ ಆ ದೇಶದಾಗ ಒಬ್ಬಾಕಿನs ಏನು ಮಾಡಿದಿ ಅಂತ ಮಂದಿ ಕೇಳತಾರ. ಬಾಯಿಲೆ ಹೇಳಿದರ ಲ್ಯಾಬು, ಮನಿ ಅಷ್ಟs ಬರತೈತಿ. ಇದನ್ನ ಪಡಸಾಲ್ಯಾಗ ನಿಲ್ಲಿಸಿಬಿಡತೀನಿ.”

ಮಾಮೂಲಿ ಬೆಲ್ಟಿನಲ್ಲಿ ಆ ಚೀಲ ಹಿಡಿಯಲಿಲ್ಲ. ಮೂಲೆಯಲ್ಲಿದ್ದ ದೊಡ್ಡ ಸಾಮಾನಿನ ಬಾಗಿಲಿಗೆ ಕೊಂಡೊಯ್ದೆವು. ಒಂದು ತುದಿ ಇಂಚರಾ ಹಿಡಿದಿದ್ದಳು, ಇನ್ನೊಂದು ತುದಿ ಗಿರಿಜಕ್ಕ. ಅಲ್ಲಿದ್ದವನು ಚೀಟಿ ಓದಿ, ಮತ್ತೊಮ್ಮೆ ಓದಿ, ಹುಬ್ಬಳ್ಳಿಯಲ್ಲಿ ಒಳ್ಳೆಯ ಹಿಮ ಬೀಳುತ್ತದೆಯೇ ಎಂದು ಗಂಭೀರವಾಗಿ ಕೇಳಿದ.

“ಈ ವರ್ಷ ಸ್ವಲ್ಪ ತಡ” ಎಂದರು ಗಿರಿಜಕ್ಕ.