ದಾರಿಯಲ್ಲಿ ಗಾಡಿ ನಿಲ್ಲಿಸದ ಏಕಾಂತಮ್ಮ

ಬಾಗೂರಿನಲ್ಲಿ ಯಾರು ಮದುವೆಗೆ ಗಾಡಿ ಮಾಡಿಕೊಂಡು ಹೊರಟರೂ, ಯಾರು ದೇವರಿಗೆ ಹೋಗಿ ಬರೋಣವೆಂದರೂ, ಹೆಣ್ಣುಮಕ್ಕಳ ಜೊತೆಗೆ ಏಕಾಂತಮ್ಮ ಇರಲಿ ಎನ್ನುತ್ತಿದ್ದರು. ಅವಳು ನಾಲ್ಕು ಊರು ಕಂಡವಳು ಎಂದಲ್ಲ. ಅವಳಿದ್ದರೆ ಗಾಡಿ ಸುಮ್ಮಸುಮ್ಮನೆ ದಾರಿಯಲ್ಲಿ ನಿಲ್ಲುವುದಿಲ್ಲ ಎಂದು. ಒಮ್ಮೆ ಮಂತ್ರಾಲಯಕ್ಕೆ ಹೊರಟಾಗ ಬಾಗೂರಿನಲ್ಲಿ ಹತ್ತಿ ಕೂತವಳು ಅಲ್ಲಿ ಹೋಗಿ ಮುಟ್ಟುವ ತನಕ ಸೀಟು ಬಿಟ್ಟು ಏಳಲಿಲ್ಲವಂತೆ. ಟೆಂಪೊ ಓಡಿಸುವ ಜುಂಜೇಶ್ ಇದನ್ನು ಈಗಲೂ ಬೇರೆ ಡ್ರೈವರುಗಳಿಗೆ ಹೇಳುತ್ತಾನೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಏಕಾಂತಮ್ಮ ಕೇಳಿಸದವಳಂತೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಒಳಗೆ ಮಾತ್ರ ಹೆಮ್ಮೆಯಾಗುತ್ತಿತ್ತು.

ಅವಳ ಉಪಾಯ ದೊಡ್ಡದೇನಲ್ಲ. ಹೊರಡುವ ಹಿಂದಿನ ಸಂಜೆಯಿಂದಲೇ ನೀರು ಕಡಿಮೆ ಮಾಡುವುದು. ಬೆಳಿಗ್ಗೆ ನೀರೂ ಇಲ್ಲ, ಕಾಫಿಯೂ ಇಲ್ಲ. ಗಂಟಲು ಒಣಗಿದರೆ ಬಾಯಲ್ಲಿ ಒಂದು ಏಲಕ್ಕಿ. ಮದುವೆಯಾದ ಹೊಸದರಲ್ಲಿ ಗಂಡನ ಕಡೆಯವರ ಜೊತೆ ಒಂದು ಬೀಗರೂಟಕ್ಕೆ ಹೋಗುವಾಗ ಅವಳು ಗಾಡಿ ನಿಲ್ಲಿಸಿ ಎಂದು ಕೇಳಿದ್ದಳು. ಬಯಲಿನಲ್ಲಿ ಮರೆಗೆಂದು ಒಂದು ಗಿಡವೂ ಇರಲಿಲ್ಲ. ಎಷ್ಟೋ ದೂರ ನಡೆದುಹೋಗಿ ವಾಪಸು ಬರುವಷ್ಟರಲ್ಲಿ ಗಂಡಸರೆಲ್ಲ ಕೆಳಗಿಳಿದು ಬೀಡಿ ಹಚ್ಚಿಕೊಂಡು ಅವಳು ಬರುವ ದಿಕ್ಕನ್ನೇ ನೋಡುತ್ತಿದ್ದರು. ಅವರಲ್ಲೊಬ್ಬ, ಈಗಲಾದರೂ ಹೋಗಾಣವಾ ಎಂದ. ಎಲ್ಲರೂ ನಕ್ಕರು. ಅವಳ ಮಾವನೂ ನಕ್ಕ. ಅವತ್ತಿನಿಂದ ಈಚೆಗೆ ಏಕಾಂತಮ್ಮ ಯಾವ ಗಾಡಿಯನ್ನೂ ನಿಲ್ಲಿಸಿದವಳಲ್ಲ.

ಮನೆಯ ಪಡಸಾಲೆಯಲ್ಲಿ ಅವಳು ಹೊಲಿಗೆ ಕಲಿಸುತ್ತಿದ್ದಳು. ಓದು ಮುಗಿಸಿದ, ಓದು ಬಿಟ್ಟ ಹುಡುಗಿಯರು ಬಂದು ಕಲಿಯುತ್ತಿದ್ದರು. ಹೊಲಿಗೆಯ ಜೊತೆಗೆ ಕೂರುವುದು, ನಡೆಯುವುದು, ಸೆರಗು ನಿಲ್ಲಿಸುವುದು, ಊರಿಗೆ ಹೊರಟಾಗ ನೀರು ಕುಡಿಯದಿರುವುದು ಎಲ್ಲವನ್ನೂ ಹೇಳಿಕೊಡುತ್ತಿದ್ದಳು. ಆ ಬೇಸಿಗೆಯಲ್ಲಿ ಹುಡುಗಿಯರು ಚಿತ್ರದುರ್ಗದ ಆಚೆ ಹೈವೇ ಪಕ್ಕದಲ್ಲಿರುವ ನೀರಾಟದ ಪಾರ್ಕಿಗೆ ಹೋಗಬೇಕೆಂದು ಹಟ ಹಿಡಿದರು. ಎಲ್ಲರ ಮನೆಯವರೂ ಒಪ್ಪಿದರು, ಮಾರುತೇಶ್ ಒಬ್ಬನೇ ಒಪ್ಪಲಿಲ್ಲ. ಅವನ ಮಗಳು ಸುಷ್ಮಿತಾ ಕ್ಲಾಸಿನಲ್ಲೇ ಅಚ್ಚುಕಟ್ಟಾಗಿ ಹೊಲಿಯುವವಳು, ಹೇಳಿದ ಮಾತು ಮೀರದವಳು. ಅಲ್ಲಿ ನೈಲಾನ್ ಬಟ್ಟೆ ಹಾಕಿಕೊಂಡರೆ ಮಾತ್ರ ನೀರಿಗೆ ಬಿಡುತ್ತಾರಂತೆ, ಬಾಡಿಗೆಗೆ ಕೊಡುವ ಬಟ್ಟೆ ಮೊಣಕಾಲನ್ನೂ ಮುಚ್ಚುವುದಿಲ್ಲವಂತೆ ಎಂದು ಅವನಿಗೆ ಯಾರೋ ಹೇಳಿದ್ದರು.

ಏಕಾಂತಮ್ಮ ತಾನೇ ಅವನ ಮನೆಗೆ ಹೋಗಿ ಮಾತಾಡಿದಳು. ಬಟ್ಟೆ ತಾನೇ ಹೊಲಿಯುತ್ತೇನೆ, ಕತ್ತಿನಿಂದ ಕಾಲಿನ ತನಕ ಮೈ ಮುಚ್ಚುವಂಥದ್ದು ಎಂದಳು.

"ನನ್ ಮೇಲೆ ಬಿಡಪ್ಪ ಮಾರುತೇಶ. ಹೆಂಗೆ ಕಳಿಸ್ತೀಯೋ ಹಂಗೇ ಕರ್ಕೊಂಡ್ ಬಂದು ಬಿಡ್ತೀನಿ."

ಮಾರುತೇಶ್ ಅವಳನ್ನು ಒಡಹುಟ್ಟಿದವಳಂತೆ ಅಕ್ಕ ಎಂದು ಕರೆಯುವವನು. ನೀನಿದ್ದೀಯ ಅಂದಮೇಲೆ ಆಯ್ತು ಬಿಡಕ್ಕ ಎಂದ.

ಅವಳು ಕಡುನೀಲಿ ನೈಲಾನ್ ತಂದು ಎಲ್ಲರಿಗೂ ಹೊಲಿದಳು. ಒದ್ದೆಯಾದರೆ ಮೈ ಕಾಣುತ್ತದೆಂದು ಒಳಗೆ ದಪ್ಪ ಲೈನಿಂಗ್ ಕೊಟ್ಟಳು. ಕತ್ತಿನ ತನಕ ಮುಚ್ಚಿದ ಕಾಲರು, ಮಣಿಕಟ್ಟಿನ ತನಕ ತೋಳು, ಎಲ್ಲ ಕಡೆಯೂ ಡಬಲ್ ಹೊಲಿಗೆ. ಹಾಕಿ ತೋರಿಸಿದಾಗ ಚೈತ್ರಾ ಎಂಬ ಬಾಯಿಬಡುಕಿ, ಅತ್ತೆ, ಇದನ್ನ ಹಾಕ್ಕೊಂಡು ನೀರಿಗಿಳಿದರೆ ನೀರಿಗೇ ನಮ್ಮ ಗುರುತು ಸಿಗಲ್ಲ ಎಂದು ನಗಿಸಿದಳು. ಸುಷ್ಮಿತಾ ಮಾತ್ರ ಹೊಲಿಗೆಯ ಮೇಲೆ ಬೆರಳಾಡಿಸಿ, ಎಷ್ಟು ನೀಟಾಗೈತೆ ಅತ್ತೆ ಎಂದಳು.

ಹೊರಟ ದಿನ ಹೊಸದುರ್ಗದಲ್ಲಿ ಜುಂಜೇಶ್ ಗಾಡಿ ನಿಧಾನ ಮಾಡಿ, ಯಾರಾದ್ರೂ ಇಳಿಯೋರಿದ್ದೀರೇನ್ರಿ ಎಂದು ಕೇಳಿದ. ನಡಿಯಪ್ಪ ಎಂದಳು ಏಕಾಂತಮ್ಮ. ಹೊಳಲ್ಕೆರೆಯಲ್ಲಿಯೂ ಕೇಳಿದ, ಆಗಲೂ ನಡಿಯಪ್ಪ ಎಂದಳು. ಅತ್ತೆ ಇರೋ ಗಾಡಿಗೆ ಬ್ರೇಕೇ ಬ್ಯಾಡ ಬಿಡ್ರಿ ಎಂದು ಚೈತ್ರಾ ಹಿಂದಿನಿಂದ ಕೂಗಿದಳು. ಬ್ಯಾಗಿನ ಮರೆಯಲ್ಲಿ ಅವಳು ಬಾಟಲಿ ಎತ್ತಿ ಕುಡಿಯುತ್ತಿದ್ದುದು ಏಕಾಂತಮ್ಮನಿಗೆ ಕಾಣುತ್ತಿತ್ತು. ಅವಳ ಬುದ್ಧಿಯೇ ಅಷ್ಟು ಎಂದುಕೊಂಡಳು. ಪಕ್ಕದಲ್ಲಿ ಸುಷ್ಮಿತಾ ಏಲಕ್ಕಿ ಚೀಪುತ್ತಾ ಕಿಟಕಿಯ ಆಚೆ ನೋಡುತ್ತಾ ಕೂತಿದ್ದಳು.

ಪಾರ್ಕಿನ ಬಾಗಿಲಲ್ಲಿ ಹಳದಿ ಅಂಗಿ ತೊಟ್ಟ ಹುಡುಗಿಯೊಬ್ಬಳು, ಬಾಯಾರಿಕೆ ಆಗದಿದ್ದರೂ ನೀರು ಕುಡಿಯುತ್ತಿರಿ, ಮಧ್ಯಾಹ್ನದ ಬಿಸಿಲಲ್ಲಿ ನೆರಳಿಗೆ ಬಂದು ಕೂತುಕೊಳ್ಳಿ ಎಂದು ಒಳಗೆ ಹೋಗುವವರಿಗೆಲ್ಲ ಹೇಳುತ್ತಿದ್ದಳು. ಮೈಕಿನಲ್ಲಿಯೂ ಹಾಡು ನಿಲ್ಲಿಸಿ ಆಗಾಗ ಅದನ್ನೇ ಹೇಳುತ್ತಿದ್ದರು. ಮಳೆ ಕಾಣದೆ ಬೆಂದಿದ್ದ ನೆಲದಿಂದ ಸಿಮೆಂಟಿನ ಮೇಲೆ ಕಾಲಿಟ್ಟರೆ ಕಾದ ಹೆಂಚು ತುಳಿದಂತಾಗುತ್ತಿತ್ತು. ಹುಡುಗಿಯರು ಚಪ್ಪಲಿ ಬಿಟ್ಟು ಕುಪ್ಪಳಿಸುತ್ತಾ ನೀರಿಗೆ ಓಡಿದರು. ಏಕಾಂತಮ್ಮ ಸೀರೆಯಲ್ಲೇ ಇದ್ದಳು. ಎಲ್ಲರ ಬ್ಯಾಗು, ಚಪ್ಪಲಿ ಕಾಯುತ್ತಾ ಒಂದು ಕೊಡೆಯ ಕೆಳಗೆ ಕೂತಳು.

ಕೂತ ಜಾಗದಿಂದ ಕುಡಿಯುವ ನೀರಿನ ನಲ್ಲಿ ಕಾಣುತ್ತಿತ್ತು. ಅದರ ಪಕ್ಕದಲ್ಲೇ ಶೌಚಾಲಯ. ಗಂಡಸರಿಗೂ ಹೆಂಗಸರಿಗೂ ಒಂದೇ ಓಣಿ, ಒಳಗೆ ಹೋದ ಮೇಲೆ ಬಾಗಿಲು ಬೇರೆ. ಓಣಿಯ ಬಾಯಲ್ಲಿ ಒದ್ದೆ ಚಡ್ಡಿಯ ಹುಡುಗರು ಗುಂಪುಗಟ್ಟಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಒಳಗೆ ಹೋಗುವ ಹೆಣ್ಣುಮಕ್ಕಳೆಲ್ಲ ಅವರ ನಡುವೆಯೇ ದಾರಿ ಮಾಡಿಕೊಂಡು ಹೋಗಬೇಕಿತ್ತು. ಅದನ್ನು ಕಂಡ ಕೂಡಲೇ ಏಕಾಂತಮ್ಮ ತನ್ನ ಹುಡುಗಿಯರನ್ನು ಕರೆದು, ಊಟದ ತನಕ ತಡೆದುಕೊಳ್ಳಿ ಎಂದು ಹೇಳಿ ಕಳಿಸಿದಳು.

ಹೊತ್ತು ನೆತ್ತಿಗೆ ಬಂತು. ಎತ್ತರದ ಜಾರುಬಂಡೆಗೆ ಕಬ್ಬಿಣದ ಮೆಟ್ಟಿಲ ಮೇಲೆ ದೊಡ್ಡ ಸಾಲಿತ್ತು. ಹುಡುಗಿಯರು ಆ ದಪ್ಪ ಬಟ್ಟೆಯಲ್ಲೇ ಬಿಸಿಲಲ್ಲಿ ನಿಂತು ಕಾದು, ಜಾರಿ, ಮತ್ತೆ ಹೋಗಿ ನಿಲ್ಲುತ್ತಿದ್ದರು. ಸುಷ್ಮಿತಾ ನಡುವೆ ಒಮ್ಮೆ ಏಕಾಂತಮ್ಮನ ಹತ್ತಿರ ಬಂದಳು. ಮುಖ ಕೆಂಪಾಗಿತ್ತು.

"ಅತ್ತೆ, ನಾಲಿಗೆ ಅಂಟ್ಕೊಂಡಂಗಾಗ್ತೈತೆ. ಒಂದ್ ಗುಟುಕು ಕುಡೀಲಾ?"

ಏಕಾಂತಮ್ಮ ನಲ್ಲಿಯ ಕಡೆ ನೋಡಿದಳು. ಹುಡುಗರು ಇನ್ನೂ ಅಲ್ಲೇ ಇದ್ದರು. ಇಬ್ಬರು ಗೋಡೆಗೆ ಒರಗಿ ಹೋಗಿ ಬರುವ ಹೆಣ್ಣುಮಕ್ಕಳನ್ನೇ ನೋಡುತ್ತಿದ್ದರು.

"ಈಗ ಕುಡಿದ್ರೆ ಆಮೇಲೆ ಅಲ್ಲಿಗೆ ಹೋಗ್ಬೇಕಾಗ್ತೈತೆ ಕಣವ್ವ. ಒಂದು ಏಲಕ್ಕಿ ಇಟ್ಕ. ನೀರಿಗಿಳಿದ್ರೆ ತಣ್ಣಗಾಗ್ತೈತೆ, ಹೋಗು."

ಸುಷ್ಮಿತಾ ಕೈ ಚಾಚಿ ಏಲಕ್ಕಿ ತೆಗೆದುಕೊಂಡು ಹೋದಳು.

ಮತ್ತೆ ಬಂದಾಗ ಅವಳ ಹೆಜ್ಜೆ ನೆಟ್ಟಗಿರಲಿಲ್ಲ. ಚೈತ್ರಾ ಅವಳ ತೋಳು ಹಿಡಿದಿದ್ದಳು. ಸುಷ್ಮಿತಾ ಏಕಾಂತಮ್ಮನ ಮುಂದೆ ನಿಂತು, ಟೇಪು ಎಲ್ಲಿಟ್ರಿ ಅತ್ತೆ, ಅಳತೆ ತಗೋಬೇಕಲ್ಲ ಎಂದಳು. ತಮಾಷೆ ಎಂದುಕೊಂಡು ಚೈತ್ರಾ ನಕ್ಕಳು. ಏಕಾಂತಮ್ಮನೂ ನಗಲು ಹೋದಳು. ಅಷ್ಟರಲ್ಲಿ ಹುಡುಗಿಯ ಮಂಡಿ ಕುಸಿಯಿತು. ಹಿಡಿದುಕೊಂಡಾಗ ಕತ್ತು ಸುಡುತ್ತಿತ್ತು. ಅಷ್ಟು ಬಿಸಿಲಿಗೂ ಹಣೆಯ ಮೇಲೆ ಒಂದು ಹನಿ ಬೆವರಿರಲಿಲ್ಲ.

ಕಾವಲಿನವನು ಓಡಿಬಂದು ಅವಳನ್ನು ಎತ್ತಿಕೊಂಡು ಪ್ರಥಮ ಚಿಕಿತ್ಸೆಯ ಕೋಣೆಗೆ ಒಯ್ದ. ಅಲ್ಲಿ ಮಮತಾ ಎಂಬ ನರ್ಸ್ ಇದ್ದಳು. ಮೊದಲು ಈ ಬಟ್ಟೆ ಬಿಚ್ಚಿ ಎಂದಳು. ಬೆನ್ನಿನ ಕೊಕ್ಕೆಗಳು ಒದ್ದೆ ನೈಲಾನಿನಲ್ಲಿ ಕಚ್ಚಿಕೊಂಡಿದ್ದವು. ಕತ್ತರಿ ತಂದು ತೋಳಿಗೆ ಹಾಕಿದಳು, ಹೊಲಿಗೆ ಬಿಡಲಿಲ್ಲ. ಚೈತ್ರಾ ಮತ್ತು ಉಳಿದ ಹುಡುಗಿಯರು ಬ್ಯಾಗಿನಲ್ಲಿದ್ದ ತಮ್ಮ ದುಪಟ್ಟಾಗಳನ್ನು ತೆಗೆದು ಹಿಡಿದು ಸುತ್ತ ಮರೆ ಕಟ್ಟಿ ನಿಂತರು. ಏಕಾಂತಮ್ಮ ಕತ್ತರಿಯನ್ನು ತಾನೇ ಇಸಿದುಕೊಂಡಳು. ಎಲ್ಲಿ ಕತ್ತರಿಸಿದರೆ ಬೇಗ ಬಿಚ್ಚುತ್ತದೆಂದು ಅವಳಿಗಲ್ಲದೆ ಬೇರೆ ಯಾರಿಗೆ ಗೊತ್ತಿರಬೇಕು. ಹೊರಗಿನ ಹೊಲಿಗೆ, ಒಳಗಿನ ಹೊಲಿಗೆ, ಆಮೇಲೆ ಲೈನಿಂಗ್. ಬಿಡಬಾರದೆಂದು ಎಷ್ಟು ಎಚ್ಚರದಿಂದ ಹೊಲಿದಿದ್ದಳೋ ಅಷ್ಟೇ ಗಟ್ಟಿಯಾಗಿ ಅದು ಹಿಡಿದುಕೊಂಡಿತ್ತು.

"ಈ ಬಿಸಿಲಿಗೆ ಇಷ್ಟು ದಪ್ಪಗೆ ಯಾರ್ರಿ ಹೊಲಿದಿದ್ದು? ಮೈಯಿನ ಕಾವು ಹೊರಗೆ ಹೋಗಕ್ಕೆ ದಾರಿನೇ ಇಲ್ಲ," ಎಂದಳು ಮಮತಾ.

ಮಮತಾ ಒದ್ದೆ ಬಟ್ಟೆಗಳನ್ನು ಹುಡುಗಿಯ ಕತ್ತಿಗೆ, ಕಂಕುಳಿಗೆ ಒತ್ತಿ, ಫ್ಯಾನು ತಿರುಗಿಸಿ, ಆಂಬ್ಯುಲೆನ್ಸ್ ಕರೆಯಲು ಹೇಳಿದಳು. ಕೆಲಸ ಮಾಡುತ್ತಲೇ ಕೇಳಿದಳು, ಬೆಳಿಗ್ಗೆಯಿಂದ ನೀರು ಕುಡಿದಿದ್ದಾಳಾ, ಯೂರಿನ್‌ಗೆ ಹೋಗಿದ್ದಾಳಾ ಎಂದು. ಮರೆಯ ಆಚೆ ಬಾಗಿಲಲ್ಲಿ ಕಾವಲಿನವನೂ ಜುಂಜೇಶನೂ ನಿಂತಿದ್ದರು.

"ಕುಡಿದಿರಬೇಕು," ಎಂದಳು ಏಕಾಂತಮ್ಮ.

ಚೈತ್ರಾ ದುಪಟ್ಟಾದ ಅಂಚಿನ ಮೇಲಿಂದ ಅವಳನ್ನು ನೋಡಿದಳು.

ದುರ್ಗದ ಆಸ್ಪತ್ರೆಯಲ್ಲಿ ಸಲೈನ್ ಹಾಕಿದರು. ಮೈಯ ಕಾವು ಇಳಿಯುತ್ತಾ ಬಂದು ಸುಷ್ಮಿತಾ ಕಣ್ಣು ಬಿಟ್ಟಳು. ಡಾಕ್ಟರು ಬಂದು ನೋಡಿ, ಕಾವು ಇಳಿದಿದೆ, ಆದರೆ ನೀರಿಲ್ಲದೆ ಕಿಡ್ನಿಗೆ ಪೆಟ್ಟು ಬಿದ್ದಿರಬಹುದು, ಸಂಜೆಯೊಳಗೆ ಮೂತ್ರ ಬಂದರೆ ಭಯವಿಲ್ಲ, ಬರದಿದ್ದರೆ ದಾವಣಗೆರೆಗೆ ಕಳಿಸಬೇಕಾಗುತ್ತದೆ ಎಂದರು. ನೀರು ಯಾಕೆ ಕುಡಿಯಲಿಲ್ಲ ಎಂದು ಹುಡುಗಿಯನ್ನೇ ಕೇಳಿದರು. ಸುಷ್ಮಿತಾ ಏಕಾಂತಮ್ಮನ ಕಡೆ ನೋಡದೆ, ಆಟದಲ್ಲಿ ಮರೆತುಬಿಟ್ಟೆ ಸಾರ್ ಎಂದಳು.

ಏಕಾಂತಮ್ಮನಿಗೆ ಮಂಚದ ಕಾಲಿನ ಪಕ್ಕ ನಿಂತಿರುವುದೇ ಕಷ್ಟವಾಯಿತು. ಹುಡುಗಿ ತನ್ನ ಮರ್ಯಾದೆ ಉಳಿಸುತ್ತಿದ್ದಾಳೆ. ಸಾಯುವಂತಾಗಿ ಮಲಗಿದ ಮೇಲೂ ತಾನು ಕಲಿಸಿದ ಪಾಠವನ್ನೇ ಪಾಲಿಸುತ್ತಿದ್ದಾಳೆ. ಇಂಥವನ್ನು ಬಾಯಿ ಬಿಟ್ಟು ಹೇಳಬಾರದು ಎಂದು ಅವಳಿಗೆ ಹೇಳಿಕೊಟ್ಟವರು ಯಾರು?

ಹೊತ್ತು ಇಳಿಯುವಾಗ ಮಾರುತೇಶ್ ಬಂದ. ಹೊಲದಿಂದ ಹಾಗೇ ಬೈಕು ಹತ್ತಿ ಬಂದಿದ್ದ, ಕಾಲಿನ ಮೇಲೆ ಮಣ್ಣಿತ್ತು. ಮಗಳ ತಲೆ ಮುಟ್ಟಿ ನೋಡಿದ. ನರ್ಸಿನಿಂದ ವಿಷಯ ತಿಳಿದುಕೊಂಡ. ಆಮೇಲೆ ಏಕಾಂತಮ್ಮನಿಗೆ ಕೈ ಮುಗಿದ. ನೀನಿದ್ದಿದ್ದಕ್ಕೆ ಉಳೀತಕ್ಕ ನನ್ನ ಮಗು, ಇವಳಿಗೋ ಮೈಮೇಲೆ ಗ್ಯಾನವೇ ಇರಲ್ಲ, ನೀರು ಕುಡಿಯೋದನ್ನೂ ಯಾರಾದರೂ ಹೇಳಿಕೊಡಬೇಕಾ ಎಂದು ಮಗಳನ್ನೇ ಗದರಿದ. ಸುಷ್ಮಿತಾ ಕಣ್ಣು ಮುಚ್ಚಿಕೊಂಡಳು. ಚೈತ್ರಾ ಗೋಡೆಯ ಕಡೆ ತಿರುಗಿ ನಿಂತಳು.

ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಮುಗಿದ ಕೈಗಳು ಇನ್ನೂ ಅವಳ ಮುಂದೆಯೇ ಇದ್ದವು. ಅವನ್ನು ನೋಡಲಾರದೆ ಏಕಾಂತಮ್ಮ ಹೇಳಿದಳು.

"ಅವಳನ್ನ ಬಯ್ಬ್ಯಾಡ ಮಾರುತೇಶ. ಬಾಯಾರ್ತೈತೆ ಅಂತ ಬಂದು ಕೇಳಿದ್ಳು. ಕುಡೀಬ್ಯಾಡ ಅಂದೋಳು ನಾನು."

ಮಾರುತೇಶನಿಗೆ ಅರ್ಥವಾಗಲಿಲ್ಲ. ಯಾಕಕ್ಕ ಎಂದು ಕೇಳಿದ. ಪಕ್ಕದ ಮಂಚದವರೂ ಕಿವಿಗೊಟ್ಟಿದ್ದರು. ಗಂಡಸಿನ ಎದುರು ಅವಳು ಆ ಮಾತನ್ನು ಯಾವತ್ತೂ ಆಡಿದವಳಲ್ಲ, ಗಂಡನ ಹತ್ತಿರವೂ ಆಡಿರಲಿಲ್ಲ.

"ಒಂದಕ್ಕೆ ಬಂದ್ರೆ ಆ ಹುಡುಗರ ಮುಂದೆ ಹೆಂಗೆ ಹೋಗ್ತಾಳೆ ಅಂತ. ಅಲ್ಲಿ ನರ್ಸಮ್ಮ ಕೇಳ್ದಾಗ್ಲೂ ಸುಳ್ಳು ಹೇಳ್ದೆ."

ಮಾರುತೇಶ್ ಅವಳ ಮುಖವನ್ನೇ ನೋಡಿದ. ಬಯ್ಯಬಹುದಿತ್ತು. ಬಯ್ದಿದ್ದರೆ ಚೆನ್ನಾಗಿತ್ತು.

"ಅಷ್ಟಕ್ಕಾ?" ಎಂದ.

ಅಷ್ಟೇ ಅಂದು ಹೊರಗೆ ಹೋಗಿ ಓಣಿಯ ಬೆಂಚಿನ ಮೇಲೆ ಕೂತ. ಏಕಾಂತಮ್ಮ ನಿಂತಲ್ಲೇ ನಿಂತಳು. ಅಷ್ಟಕ್ಕೇ ಎಂದು ತನಗೆ ತಾನೇ ಹೇಳಿಕೊಳ್ಳಲು ನೋಡಿದರೆ ತನ್ನ ಇಡೀ ಬದುಕು ಅದರೊಳಗಿತ್ತು. ಮಂತ್ರಾಲಯ, ಮದುವೆಗಳು, ಜುಂಜೇಶನ ಹೊಗಳಿಕೆ, ಹಗಲೆಲ್ಲ ಒಣಗಿದ ಗಂಟಲು, ಅದನ್ನೇ ದೊಡ್ಡಸ್ತಿಕೆ ಎಂದುಕೊಂಡು ಬೇರೆಯವರ ಮಕ್ಕಳಿಗೆ ಕಲಿಸಿದ್ದು. ನಾಚಿಕೆ ಎಂದರೆ ಹೀಗಿರುತ್ತದೆಂದು ಅವಳಿಗೆ ಈವರೆಗೆ ಗೊತ್ತಿರಲಿಲ್ಲ. ಬಯಲಿನಲ್ಲಿ ನಕ್ಕವರ ಮುಂದೆ ಆಗಿದ್ದು ಇದರ ಮುಂದೆ ಏನೂ ಅಲ್ಲ.

ಸಂಜೆಯಾಯಿತು. ಸಲೈನಿನ ಎರಡನೆಯ ಬಾಟಲಿಯೂ ಅರ್ಧಕ್ಕಿಳಿಯಿತು. ನರ್ಸ್ ಬಂದು, ಆಯ್ತೇನಮ್ಮ ಎಂದು ಕೇಳಿ, ಹುಡುಗಿ ಇಲ್ಲವೆಂದು ತಲೆಯಾಡಿಸಿದ್ದು ನೋಡಿ, ಡಾಕ್ಟರಿಗೆ ಹೇಳುತ್ತೇನೆ ಎಂದು ಹೋದಳು. ಚೈತ್ರಾ ಕಾಫಿ ತರಲು ಹೋಗಿದ್ದಳು. ಆಗ ಸುಷ್ಮಿತಾ ಏಕಾಂತಮ್ಮನ ಸೆರಗಿನ ತುದಿ ಹಿಡಿದು ಮೆಲ್ಲಗೆ ಎಳೆದಳು.

"ಅತ್ತೆ," ಎಂದು ಬಾಗಿಲ ಕಡೆ ನೋಡಿದಳು. ಮುಂದಿನ ಮಾತು ಅವಳ ಬಾಯಿಂದ ಬರಲಿಲ್ಲ.

ಏಕಾಂತಮ್ಮ ಕೊಕ್ಕೆಯಿಂದ ಬಾಟಲಿ ತೆಗೆದು ಎತ್ತಿ ಹಿಡಿದಳು, ಇನ್ನೊಂದು ಕೈಯಿಂದ ಹುಡುಗಿಯ ಸೊಂಟ ಬಳಸಿದಳು. ಓಣಿಯ ಉದ್ದಕ್ಕೂ ರೋಗಿಗಳ ಕಡೆಯ ಗಂಡಸರು ಗೋಡೆಗೆ ಒರಗಿ ಕೂತಿದ್ದರು. ತುದಿಯಲ್ಲಿದ್ದ ಶೌಚಾಲಯದ ಬಾಗಿಲಿಗೆ ಬೀಗ ಹಾಕಿತ್ತು. ಕೀಲಿ ಯಾರ ಹತ್ತಿರವಿದೆಯೋ ಗೊತ್ತಿಲ್ಲ. ಸುಷ್ಮಿತಾ ಅವಳ ತೋಳಿಗೆ ಭಾರವಾಗುತ್ತಿದ್ದಳು.

"ಕೀಲಿ ಯಾರ ಹತ್ರ ಐತ್ರಿ? ಹುಡುಗಿ ಒಂದಕ್ಕೆ ಹೋಗ್ಬೇಕು. ಬೀಗ ತೆಗೀರಿ."

ಓಣಿಯವರೆಲ್ಲ ತಿರುಗಿ ನೋಡಿದರು. ಯಾರೂ ನಗಲಿಲ್ಲ. ಒಬ್ಬ ಮುದುಕ ಚಾಚಿದ್ದ ಕಾಲು ಮಡಚಿಕೊಂಡು ದಾರಿ ಬಿಟ್ಟ. ಬೆಂಚಿನ ಮೇಲಿದ್ದ ಮಾರುತೇಶ್ ಎದ್ದು ಓಡಿದ, ಆಯಾಳನ್ನು ಹುಡುಕಿ ಕೀಲಿ ತಂದು ತಾನೇ ಬೀಗ ತೆಗೆದ.

ಸುಷ್ಮಿತಾ ಒಳಗೆ ಹೋದಳು. ಸಲೈನಿನ ಕೊಳವೆ ಉದ್ದ ಸಾಲದ್ದರಿಂದ ಬಾಗಿಲನ್ನು ಅರ್ಧ ಮುಂದೆ ಮಾಡಿ, ಸಂದಿನಲ್ಲಿ ಕೈ ತೂರಿಸಿ ಬಾಟಲಿಯನ್ನು ಮೇಲೆತ್ತಿ ಹಿಡಿದುಕೊಂಡು ಏಕಾಂತಮ್ಮ ಹೊರಗೆ ನಿಂತಳು. ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಒಳಗಿನಿಂದ ಸಣ್ಣಗೆ ಸದ್ದು ಕೇಳಿಸಿತು.

ಮಾರುತೇಶನಿಗೂ ಕೇಳಿಸಿರಬೇಕು. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಏಕಾಂತಮ್ಮ ಅವನ ಕಡೆ ನೋಡಲಿಲ್ಲ, ನೋಡುವ ಧೈರ್ಯ ಇರಲಿಲ್ಲ. ತೋಳು ಸೋತು ಬೀಳುವಂತಾಗಿತ್ತು. ತಲೆ ತಗ್ಗಿಸಿಕೊಂಡೇ ಬಾಟಲಿಯನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದಳು.