ಬಗ್ಗಿದವಳಿಗೊಬ್ಬಳು ನಿಂತವಳು

ನಾನಿರುವ ದ್ವೀಪದಲ್ಲಿ ನಾಯಿಗಳಿಲ್ಲ. ಬೀದಿನಾಯಿಯೂ ಇಲ್ಲ, ಸಾಕಿದ ನಾಯಿಯೂ ಇಲ್ಲ. ಮಾಲ್ಡೀವ್ಸಿನಲ್ಲಿ ಜನ ನಾಯಿ ಸಾಕುವಂತೆಯೇ ಇಲ್ಲ. ಗಣಿತದ ಮೇಡಂ ಆಗಿ ಅಲ್ಲಿಗೆ ಹೋದ ಹೊಸತರಲ್ಲಿ ನನಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಭೀಮನಬೀಡಿನಲ್ಲಿ ಹುಟ್ಟಿ ಬೆಳೆದ ನಮಗೆ ನಾಯಿ ಬೊಗಳುವುದೆಂದರೆ ಕಾಡಿನಿಂದ ಬಂದ ಸುದ್ದಿ. ಎಗರೆಗರಿ ಬೊಗಳಿದರೆ ಹಂದಿ, ಕುಂಯ್‌ಗುಟ್ಟುತ್ತಾ ಬಂದು ಬಾಗಿಲು ಕೆರೆದರೆ ಚಿರತೆ. ಸುದ್ದಿ ಹೇಳುವವರೇ ಇಲ್ಲದ ಊರಲ್ಲಿ ಜನ ಅದ್ಯಾವ ಧೈರ್ಯದ ಮೇಲೆ ಮಲಗುತ್ತಾರೋ ಎಂದು ಹೆದರಿಕೊಂಡೇ ಮೊದಲ ತಿಂಗಳು ಕಳೆದೆ.

ಕೆಟ್ಟು ಪಟ್ಟಣ ಸೇರು ಅನ್ನುತ್ತಾರೆ. ನಾನು ಸೇರಿದ್ದು ಪಟ್ಟಣವೂ ಅಲ್ಲ. ಒಂದು ಸಂಜೆಯ ನಡಿಗೆಗೆ ಮುಗಿದುಹೋಗುವಷ್ಟು ನೆಲ, ಸುತ್ತ ನೀರು. ಬಾಡಿಗೆಗೆ ಸಿಕ್ಕಿದ್ದು ಸಕೀನಾ ದತ್ತಾ ಅವರ ಮನೆಯ ಹಿಂಬದಿಯ ಕೋಣೆ. ದತ್ತಾ ಅಂದರೆ ಅವರ ದಿವೇಹಿ ಭಾಷೆಯಲ್ಲಿ ಅಕ್ಕ. ಬೆಳಿಗ್ಗೆ ಮಸ್ ಹುನಿ, ಅಂದರೆ ಮೀನನ್ನು ತೆಂಗಿನ ತುರಿ, ಈರುಳ್ಳಿ ಜೊತೆ ಕಿವುಚಿದ್ದು. ಮಧ್ಯಾಹ್ನ ಗರುದಿಯಾ, ಅದು ಮೀನಿನ ತಿಳಿಸಾರು. ಬಸ್ಸಾರು ಮುದ್ದೆಗೆ ಒಗ್ಗಿದ ನನ್ನ ನಾಲಿಗೆ ಮುಷ್ಕರ ಹೂಡಿತು. ದತ್ತಾ ನನಗೆಂದೇ ಮೀನು ಸೋಕಿಸದೆ ಹುನಿ ರೋಶಿ ತಟ್ಟಿಕೊಟ್ಟರು. ಅದು ನಮ್ಮ ತೆಂಗಿನಕಾಯಿ ರೊಟ್ಟಿಯೇ. ಒಂದು ತುತ್ತು ಬಾಯಿಗಿಟ್ಟು ಒಲೆಯ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ. ಈಗ ನಾನು ಅವರಿಗಿಂತ ತೆಳ್ಳಗೆ ತಟ್ಟುತ್ತೇನೆಂದು ಅವರೇ ಬೀದಿಗೆಲ್ಲ ಹೇಳಿಕೊಂಡು ಬರುತ್ತಾರೆ.

ಅಲ್ಲಿ ಹೆದರಬೇಕಾದ್ದು ಕಡಲೊಂದಕ್ಕೇ. ಒಮ್ಮೊಮ್ಮೆ ಅದು ದಡ ಹತ್ತಿ ಅಂಗಳದವರೆಗೆ ಬರುತ್ತದೆ. ಅದಕ್ಕೆ ಉದಾ ಅನ್ನುತ್ತಾರೆ. ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಅದಕ್ಕೊಂದು ಅಭ್ಯಾಸ ಮಾಡಿಸುತ್ತೇವೆ. ಗಂಟೆ ಬಾರಿಸಿದ ಕೂಡಲೇ ಬ್ಯಾಗು ಪುಸ್ತಕ ಎಲ್ಲ ಇದ್ದಲ್ಲೇ ಬಿಟ್ಟು, ಬಾಯಿ ಮುಚ್ಚಿಕೊಂಡು, ಹಿಂತಿರುಗಿ ನೋಡದೆ ಮಹಡಿಗೆ ಓಡಬೇಕು. ಒಬ್ಬರು ಕಿರುಚಿದರೆ ಎಲ್ಲರಿಗೂ ಗಾಬರಿ, ಒಬ್ಬರು ನಿಂತರೆ ಮೆಟ್ಟಿಲಲ್ಲಿ ನೂಕುನುಗ್ಗಲು. ಈ ಪಾಠ ಹೇಳಿಕೊಡುವುದು ನನ್ನ ಪಾಲಿನ ಕೆಲಸ. ಹೇಳಿ ಹೇಳಿ, ಮುಂದೆ ನಿಂತು ಓಡಿ ತೋರಿಸಿ, ಅದು ನನ್ನ ಕಾಲಿಗೂ ಪಾಠವಾಗಿಬಿಟ್ಟಿದೆ.

ಈ ಸಲದ ರಜೆಗೆ ಗುಂಡ್ಲುಪೇಟೆಯ ಅಣ್ಣನ ಮನೆಗೆ ಬಂದೆ. ಆಸೆಯಿದ್ದದ್ದು ಹೈಸ್ಕೂಲಿನ ಗೆಳತಿಯರನ್ನು ಕಾಣಬೇಕೆಂದು. ಶೋಭಾ ಈಗ ಚಾಮರಾಜನಗರದಲ್ಲಿ ಕಚೇರಿ ನೌಕರಿಯಲ್ಲಿದ್ದಾಳೆ. ಅಲ್ಲೇ ಒಂದು ಹೋಟೆಲಿನಲ್ಲಿ ಮೂವರೂ ಸೇರುವುದೆಂದು ಗೊತ್ತುಮಾಡಿದ್ದಳು. ಮೂರನೆಯವಳು ಮಾದೇವಿ, ಶಾಲೆಯಲ್ಲಿ ನನ್ನದೇ ಬೆಂಚು. ಭೀಮನಬೀಡಿನಲ್ಲೇ ಮದುವೆಯಾಗಿ ಹೊಲದ ಕೂಲಿಗೆ ಹೋಗುತ್ತಾಳೆ. ಹೊರಡಬೇಕಾದ ಬೆಳಿಗ್ಗೆ ಅವಳ ಫೋನು ಬಂತು.

"ನಾ ಬರಕ್ಕಾಗಕಿಲ್ಲ ಕಣಮ್ಮಿ. ಚೆಂಡೂವ ಕುಯ್ಬೇಕು, ಸಂಜೀಕೆ ಗಾಡಿ ಬತ್ತದೆ. ಈಗ ಜೋಡಿ ಇಲ್ದೆ ಯಾರೂ ವಲಕ್ಕೆ ಇಳಿಯಂಗಿಲ್ಲ, ಜನ ಸಾಲಕಿಲ್ಲ."

"ಜೋಡಿ ಯಾಕೆ?"

"ಅದು ಬಂದದೆ."

ಅದು ಅಂದರೆ ಹುಲಿ. ಹೊಲದಲ್ಲಿ ಕೆಲಸ ಮಾಡುವ ಹೆಂಗಸರು ಅದರ ಹೆಸರು ಎತ್ತುವುದಿಲ್ಲ. ಹೋದ ವಾರ ಕಾಡಂಚಿನಲ್ಲಿ ಮೇಯುತ್ತಿದ್ದ ಹಸುವನ್ನು ಎಳೆದೊಯ್ದಿತ್ತು. ಅರಣ್ಯದವರು ಬೋನು ತಂದಿಟ್ಟರೆ ಅದು ಬೋನಿನ ಕಡೆ ಸುಳಿದಿರಲೇ ಇಲ್ಲ. "ಊರು ಎಲ್ಲೂ ಓಗಲ್ಲ, ಮುಂದಿನ ಸಲ ನೋಡೀಯೆ ಬುಡು," ಅಂದರು ಅತ್ತಿಗೆ. ನಿಜ ಹೇಳಬೇಕೆಂದರೆ ನನಗೂ ಹೋಗುವುದು ಬೇಡವೆಂದೇ ಅನ್ನಿಸಿತ್ತು. ಆದರೆ ಮಾದೇವಿಯನ್ನು ಅಲ್ಲಿ ಬಿಟ್ಟು, ಹೋಟೆಲಿನಲ್ಲಿ ಕೂತು ದೋಸೆ ತಿನ್ನುವುದು ಹೇಗೆ? ಶೋಭಾ ಚಾಮರಾಜನಗರದಿಂದ ಬಸ್ಸು ಹತ್ತಿ ಬಂದಳು. ಇಬ್ಬರೂ ಗುಂಡ್ಲುಪೇಟೆಯಲ್ಲಿ ಆಟೋ ಹಿಡಿದೆವು.

ಹೊಲವೆಲ್ಲ ಹಳದಿಯಾಗಿತ್ತು, ಆಚೆಗೆ ಲಂಟಾನದ ಪೊದೆ, ಅದರಾಚೆ ಕಾಡು. ಸೀರೆಯ ಮೇಲೆ ಗಂಡನ ತುಂಬುತೋಳಿನ ಶರ್ಟು ತೊಟ್ಟು, ತಲೆಗೆ ಟವೆಲ್ಲು ಸುತ್ತಿದ್ದ ಮಾದೇವಿ ನನ್ನ ಎರಡೂ ಕೈ ಹಿಡಿದುಕೊಂಡು ಮುಖವನ್ನೇ ನೋಡಿದಳು.

"ಸೊರಗೋಗಿದ್ದೀಯಲ್ಲಮ್ಮಿ ರಾಜಿ! ಸುತ್ತ ನೀರಂತೆ, ಅದು ಎದ್ರೆ ಎಲ್ಲಿಗೆ ಓಡೀಯೆ? ನಂಗೆ ನೆನುಸ್ಕಂಡ್ರೇ ಎದೆ ಡವಗುಟ್ತದೆ."

"ಹುಲಿ ಪಕ್ಕದಲ್ಲಿಟ್ಟುಕೊಂಡು ನನ್ನ ಚಿಂತೆ ಮಾಡ್ತಿದೀಯಲ್ಲೇ!"

"ಎಸ್ರು ಏಳ್ಬ್ಯಾಡ! ಅದುಕ್ಕೆ ಒಟ್ಟೆ ತುಂಬುದ್ರೆ ಓಯ್ತದೆ. ನೀರ್ಗೆ ಒಟ್ಟೆ ತುಂಬದುಂಟಾ?"

ನಾನು ಇಷ್ಟು ವರ್ಷ ಇವಳಿಗಾಗಿ ಹೆದರಿದ್ದೆ. ಇವಳು ಇಷ್ಟೂ ವರ್ಷ ನನಗಾಗಿ ಹೆದರಿದ್ದಾಳೆಂದು ಆಗಲೇ ಗೊತ್ತಾದದ್ದು.

ಅಲ್ಲಿನ ಕಟ್ಟಳೆಯನ್ನು ಅವಳೇ ವಿವರಿಸಿದಳು. ಬಗ್ಗಿದವಳಿಗೊಬ್ಬಳು ನಿಂತವಳು ಇರಲೇಬೇಕು. ಬಗ್ಗಿ ಹೂ ಕೀಳುವ ಮನುಷ್ಯರು ಅದರ ಕಣ್ಣಿಗೆ ಕರುವೋ ಜಿಂಕೆಯೋ ಅನ್ನಿಸುತ್ತಾರಂತೆ. ನಿಂತವಳು ಹೂವಿಗೆ ಕೈ ಹಾಕುವಂತಿಲ್ಲ. ನಾಲ್ಕೂ ಕಡೆ ಕಣ್ಣಾಡಿಸುತ್ತಾ ಗಟ್ಟಿಯಾಗಿ ಮಾತಾಡುತ್ತಿರಬೇಕು. ಏನೇ ಅಲುಗಾಡಿದರೂ ಕೂಗಬೇಕು. ಓಡಬಾರದು, ಬೆನ್ನು ತೋರಿಸಲೇಬಾರದು. ಕೂಗು ಕೇಳಿದವರೆಲ್ಲ ಎದ್ದು ಒಟ್ಟಿಗೆ ಸೇರುತ್ತಾರೆ. ಸ್ವಲ್ಪ ಹೊತ್ತಿಗೆ ನಿಂತವಳು ಬಗ್ಗಬೇಕು, ಬಗ್ಗಿದವಳು ನಿಲ್ಲಬೇಕು. ಆವತ್ತು ಮಾದೇವಿಯ ಜೋಡಿಯವಳು ಜ್ವರ ಬಂದು ಮನೆಯಲ್ಲೇ ಉಳಿದಿದ್ದಳು. ಹಾಗಾಗಿ ಇವಳು ಬದುವಿನ ಮೇಲೆ ಸುಮ್ಮನೆ ಕೂತಿದ್ದಳು.

"ನಾನು ನಿಂತ್ಕೋತೀನಿ," ಅಂದೆ. ನನ್ನ ಬಾಯಿಂದ ಆ ಮಾತು ಬಂದದ್ದು ನನಗೇ ಆಶ್ಚರ್ಯ.

"ನಿಂತ್ಕಳಮ್ಮಿ! ಇಸ್ಕೂಲ್ನಾಗಿದ್ದಂಗೇ ಆಯ್ತು," ಎಂದವಳೇ ಸೀರೆಯ ಮಡಿಲು ಕಟ್ಟಿ ಬಗ್ಗಿಬಿಟ್ಟಳು. ಒಂದು ಗಳಿಗೆಯೂ ಯೋಚಿಸಲಿಲ್ಲ. ಶೋಭಾ ಬದುವಿನ ಹೊಂಗೆಮರದ ಕೆಳಗೆ ಕೂತಳು.

ಕಡಲಾದರೆ ಕಣ್ಣು ಹೋದಷ್ಟು ದೂರ ಕಾಣುತ್ತದೆ. ಬರುವ ಅಪಾಯ ಮೊದಲೇ ತಿಳಿಯುತ್ತದೆ. ಇಲ್ಲಿ ಪೊದೆಯ ಎಲೆಯ ಹಿಂದೇನಿದೆಯೋ ದೇವರೇ ಬಲ್ಲ. ಎಲ್ಲ ನೆರಳಿಗೂ ಪಟ್ಟೆ ಮೂಡಿದಂತಾಗುತ್ತಿತ್ತು. ಆದರೂ ಗಟ್ಟಿಯಾಗಿ ಮಾತಾಡಿದೆ. ಸಕೀನಾ ದತ್ತಾ, ಮೀನು, ನಾಯಿ ಇಲ್ಲದ ಬೀದಿ, ಎಲ್ಲ ಹೇಳಿದೆ. ಅಕ್ಕಪಕ್ಕದ ಸಾಲಿನ ಹೆಂಗಸರೂ ಕಿವಿಗೊಟ್ಟರು. "ನಾಯಿಲ್ದೆ ಕಳ್ರು ಬರಕಿಲ್ವಾ?" ಅಂತ ಒಬ್ಬಳು ಕೇಳಿದಳು. ಮಾದೇವಿ ಬಗ್ಗಿದ ಕಡೆಯಿಂದಲೇ ನಕ್ಕಳು. ಅಷ್ಟು ಸಂತೋಷ ನನಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

ಆಗ ಲಂಟಾನ ಅಲ್ಲಾಡಿತು. ಗಾಳಿ ಇರಲಿಲ್ಲ. ಒಂದೇ ಒಂದು ಪೊದೆ, ಅದೂ ಬುಡದಿಂದ, ಮಾದೇವಿಯ ಬೆನ್ನಿಗೆ ನೇರವಾಗಿ.

ಆಮೇಲೆ ನಡೆದದ್ದು ನನ್ನ ಕಾಲಿನ ಕೆಲಸ. ಕೈಯಲ್ಲಿದ್ದ ಬ್ಯಾಗು ಬಿತ್ತು. ಬಾಯಿ ಬಿಗಿಯಾಗಿ ಮುಚ್ಚಿಕೊಂಡಿತು. ನಾನು ಓಡಿದೆ. ಹೂವಿನ ಸಾಲು ತುಳಿದು, ಬದು ಹಾರಿ, ಶೋಭಾಳನ್ನೂ ದಾಟಿ ರಸ್ತೆಗೆ ಬಂದೆ. ಒಂದು ಸಲವೂ ತಿರುಗಿ ನೋಡಲಿಲ್ಲ, ಒಂದು ಶಬ್ದವೂ ಬಾಯಿಂದ ಹೊರಡಲಿಲ್ಲ.

ಹಿಂದಿನಿಂದ ಹೆಂಗಸರ ಕೂಗು ಎದ್ದಿತು. ನನ್ನ ಓಟ ಕಂಡ ಪಕ್ಕದ ಸಾಲಿನವಳು ಕೂಗಿದ್ದಳು. ನಾನು ತಿರುಗುವ ಹೊತ್ತಿಗೆ ಎಲ್ಲರೂ ಒಟ್ಟಾಗಿ ನಿಂತು ಪೊದೆಯ ಕಡೆ ಅರಚುತ್ತಿದ್ದರು. ನಡುವೆ ಮಾದೇವಿ, ಮಡಿಲಿನ ಹೂವೆಲ್ಲ ಕಾಲಡಿಯಲ್ಲಿ. ಪೊದೆಯಿಂದ ಒಂದು ಹಂದಿ ತನ್ನ ಮರಿಗಳನ್ನು ಕಟ್ಟಿಕೊಂಡು ಹೊರಬಂದು, ಹೊಲದ ಅಂಚು ಹಿಡಿದು ಆಚೆಗೆ ಹೋಯಿತು.

ಜೀವ ಬಂದಂತಾಗಿ ಎಲ್ಲರೂ ನಗತೊಡಗಿದರು. "ಮಾಲ್ಡೀವ್ಸ್ ಮೇಡಂ ಓಟ ನೋಡ್ರಮ್ಮಿ!" ಎಂದು ಶೋಭಾ ಹೊಟ್ಟೆ ಹಿಡಿದುಕೊಂಡಳು. ಮಾದೇವಿ ಮಾತ್ರ ನಗಲಿಲ್ಲ. ಬಿದ್ದ ಹೂ ಆರಿಸುತ್ತಿದ್ದಳು. ಹತ್ತಿರ ಹೋಗಿ ನಿಂತೆ. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

"ಕೂಗು ಬರ್ನಿಲ್ವಾ ಅಮ್ಮಿ?" ಮೆಲ್ಲಗೆ ಕೇಳಿದಳು. ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು.

ಗಂಟೆಯ ವಿಷಯ ಹೇಳಿದೆ. ಅಲ್ಲಿ ಕೂಗಬಾರದು, ನಿಲ್ಲಬಾರದು, ಯಾರಿಗೂ ಕಾಯಬಾರದು ಎಂದೆ. ಪೂರ್ತಿ ಕೇಳಿಸಿಕೊಂಡು, "ಅಲ್ಲಿಗೆ ಅದೇ ಸರಿ ಬುಡು," ಅಂದಳು. ಎದ್ದು, ತನ್ನ ತಲೆಯ ಟವೆಲ್ಲು ಬಿಚ್ಚಿ ನನ್ನ ತಲೆಗೆ ಸುತ್ತಿದಳು. "ಈಗ ನೀ ಬಗ್ಗು. ನಾ ನಿಂತ್ಕತೀನಿ."

ಬಗ್ಗಿದೆ. ಚೆಂಡುಹೂವಿನ ಘಾಟು ಮೂಗಿಗೆ ಹೊಡೆಯಿತು. ಅವಳು ನನ್ನ ತಲೆಯ ಮೇಲೆ ಮಾತಾಡುತ್ತಲೇ ಇದ್ದಳು, ಶಾಲೆಯದ್ದು, ಅತ್ತೆಯದ್ದು, ಮಗಳ ಮದುವೆಯದ್ದು. ಆ ದನಿ ಇರುವವರೆಗೆ ನನಗೇನೂ ಆಗುವುದಿಲ್ಲವೆಂದು ಬೆನ್ನಿಗೆ ಗೊತ್ತಿತ್ತು. ಅವಳ ಬೆನ್ನಿಗೆ ನಾನು ಅಷ್ಟು ಧೈರ್ಯ ಕೊಡಲಾರದೆ ಹೋದೆ. ಇನ್ನೊಂದು ಹೆದರಿಕೆಯೂ ಒಳಗೆ ಕೂತಿತು. ನಾಳೆ ದ್ವೀಪದಲ್ಲಿ ನಿಜವಾಗಿಯೂ ಗಂಟೆ ಬಾರಿಸಿದಾಗ ಈ ಹೊಲ ನೆನಪಾಗಿ ನಾನು ಮೆಟ್ಟಿಲ ಮೇಲೆ ನಿಂತುಬಿಟ್ಟರೆ ಮಕ್ಕಳ ಗತಿಯೇನು?

ಸರದಿ ಬದಲಾಗುವ ಹೊತ್ತಾಯಿತು. ಪಕ್ಕದ ಸಾಲುಗಳಲ್ಲಿ ನಿಂತವರು ಬಗ್ಗಿದರು, ಬಗ್ಗಿದವರು ನಿಂತರು. ನಾನೂ ಸೊಂಟ ಹಿಡಿದುಕೊಂಡು ಎದ್ದೆ.

"ಈಗ ನಾನು ನಿಲ್ಲಲಾ, ಮಾದೇವಿ?"

ಅವಳು ಪೊದೆಯಿಂದ ಕಣ್ಣು ತೆಗೆಯಲಿಲ್ಲ.

"ಬ್ಯಾಡ ಬುಡಮ್ಮಿ," ಅಂದಳು. "ನೀ ತಿರ್ಗಾ ಅಲ್ಲಿಗೆ ಓಗೋಳು."